ಹಳೆಯ ಆಂಪ್ಲಿಫೈಯರಿನ ವಾಲ್ಯೂಮ್ ಕಂಟ್ರೋಲಿನ ಕರಕರ ಸದ್ದನ್ನು ಹೋಗಲಾಡಿಸುವ ಬಗೆ

ಬಳ್ಳಾರಿಯ ಬೇಸಿಗೆಯ ಕೆಂಧೂಳು ಮುಚ್ಚಿದ ಕಿಟಕಿಯ ಸಂದಿಯಿಂದಲೂ ಒಳನುಗ್ಗುವುದರಿಂದ, ಇಲ್ಲಿನ ಹಳೆಯ ಆಂಪ್ಲಿಫೈಯರ್‌ಗಳ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬರುವುದು ಸಾಮಾನ್ಯ. ಗುಂಡಿಯ ಹಿಂದಿನ ಪೊಟೆನ್ಷಿಯೋಮೀಟರಿನೊಳಗೆ ಕುದುರೆಲಾಳದ ಆಕಾರದ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಸಣ್ಣ ನಾಲಗೆಯೊಂದು ಜಾರುತ್ತದೆ. ಇವೆರಡರ ನಡುವೆ ಧೂಳು ಅಥವಾ ಕಿಲುಬು ಸೇರಿದರೆ ಸಂಪರ್ಕ ತಪ್ಪಿ ತಪ್ಪಿ ಸದ್ದಾಗುತ್ತದೆ.

ಮೊದಲು ಪ್ಲಗ್ ಕಿತ್ತುಬಿಡಬೇಕು. ಗಾಜಿನ ವಾಲ್ವ್‌ಗಳಿರುವ ಸೆಟ್ಟಾದರೆ ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ, ಅವು ಖಾಲಿಯಾಗಿವೆಯೆಂದು ಮೀಟರ್ ಹಿಡಿದು ನೋಡದೆ ಕೈ ಹಾಕಬಾರದು. ಬಳಿಕ ಪೊಟೆನ್ಷಿಯೋಮೀಟರಿನ ತಂತಿ ಬೆಸೆಯುವ ಮೂರು ಕಾಲುಗಳ ಮೇಲಿರುವ ಸಂದಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಕ್ಷಣಮಾತ್ರ ಬಿಟ್ಟು, ಗುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ 20-30 ಬಾರಿ ತಿರುಗಿಸಿ, ದ್ರವ ಪೂರ್ತಿ ಆರಿದ ಮೇಲೆಯೇ ಕರೆಂಟು ಕೊಡಬೇಕು. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಖಂಡಿತ ಬೇಡ. ಅದು ಉಳಿಸುವ ಜಿಡ್ಡಿಗೆ ನಮ್ಮೂರಿನ ಧೂಳು ಇನ್ನಷ್ಟು ಅಂಟುತ್ತದೆ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಮತ್ತೆ ಮತ್ತೆ ಕ್ಲೀನರ್ ಸುರಿಯುವುದು ವ್ಯರ್ಥ. ದನಿಯ ಸಂಕೇತವನ್ನು ಮಾತ್ರ ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರು ಸೋರಿ, ಅದರಿಂದ ಕಂಟ್ರೋಲಿಗೆ ಡಿಸಿ ವೋಲ್ಟೇಜ್ ಬರುತ್ತಿದೆಯೇ ಎಂದು ಬಲ್ಲ ಮೆಕ್ಯಾನಿಕ್‌ರಿಂದ ಅಳೆಸಿ, ಬರುತ್ತಿದ್ದರೆ ಆ ಕೆಪಾಸಿಟರನ್ನೇ ಬದಲಿಸಬೇಕು. ಪಟ್ಟಿ ಸವೆದಿದ್ದರೆ ಹಳೆಯದರಷ್ಟೇ ಓಮ್‌ನ, ಮೊದಲು ನಿಧಾನವಾಗಿ ಏರಿ ಕಿವಿಗೆ ಸಮನಾಗಿ ಕೇಳಿಸುವ ಲಾಗ್ ಕಂಟ್ರೋಲನ್ನೇ ಕೇಳಿ ತರಬೇಕು. ತಿರುಗಿಸಿದಷ್ಟೂ ಒಂದೇ ಪ್ರಮಾಣದಲ್ಲಿ ಏರುವ ಲೀನಿಯರ್ ಕಂಟ್ರೋಲ್ ಹಾಕಿದರೆ ಗುಂಡಿ ತುಸು ತಿರುಗುತ್ತಲೇ ದನಿ ಏಕಾಏಕಿ ಏರಿಬಿಡುತ್ತದೆ.