ಲಾರಿ ತಾತನ ಪುಸ್ತಕ ಮಾಡಿದ್ದು

ನಮ್ಮ ತಾತ ತಿಪಟೂರಿನಿಂದ ಉತ್ತರ ಭಾರತಕ್ಕೆ ಕೊಬ್ಬರಿ ಲೋಡು ಹೊಡೆಯುತ್ತಿದ್ದ ಲಾರಿ ಡ್ರೈವರ್. ಆತ ಹುಟ್ಟಿದ ತಾರೀಕು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಗ್ರಾದ ಚಳಿ, ಧುಳೆಯ ಬಿಸಿಲು, ಚಂಬಲ್ ಕಣಿವೆಯ ಡಕಾಯಿತರು ಮಾತ್ರ ಮೊಮ್ಮಕ್ಕಳಿಗೆಲ್ಲ ಬಾಯಿಪಾಠ. ಆತ ತೀರಿಕೊಂಡ ಮೇಲೆ, ವರ್ಷದ ತಿಥಿಗೆ ಬಂದವರ ಕೈಗೆ ಕೊಡುವ ಹಾಗೆ ಆತನ ಬದುಕನ್ನು ಒಂದು ಚಿಕ್ಕ ಪುಸ್ತಕ ಮಾಡೋಣ ಅಂತ ಹೊರಟೆ. ಇಂಥ ತಾತಂದಿರಿದ್ದ ಮನೆಗಳು ನಮ್ಮ ತುಮಕೂರು ಸೀಮೆಯಲ್ಲಿ ಬೇಕಾದಷ್ಟಿವೆ. ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

"ತಾತನ ಬಗ್ಗೆ ಏನಾದ್ರೂ ಹೇಳಿ" ಅಂದರೆ ಯಾರ ಬಾಯಿಂದಲೂ ಏನೂ ಬರುವುದಿಲ್ಲ. "ದೇವರಂಥ ಮನುಷ್ಯ" ಅನ್ನುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಅಷ್ಟರಲ್ಲಿ ಕಾಫಿ ಬರುತ್ತದೆ. ಹಾಗಾಗಿ ಮನುಷ್ಯನನ್ನು ಬಿಟ್ಟು ರಸ್ತೆಯನ್ನು ಕೇಳಲು ಶುರು ಮಾಡಿದೆ.

ಮೊದಲು ಹಿಡಿದಿದ್ದು ತಾತನ ಕ್ಲೀನರ್‌ನನ್ನು. ಈಗ ಎಪ್ಪತ್ತು ದಾಟಿದೆ, ಪಂಚರ್ ಅಂಗಡಿ ಮಗನ ಕೈಲಿದೆ, ನಮಗೆಲ್ಲ ಆತ ಕ್ಲೀನರ್ ಮಾವ. ಆತನ ಮುಂದೆ ಭಾರತದ ರಸ್ತೆ ನಕ್ಷೆ ಹಾಸಿ, "ಮಾವ, ಲೋಡಾಯ್ತು, ಹಗ್ಗ ಬಿಗಿದಾಯ್ತು. ಈಗ ಗಾಡಿ ಬಿಡು" ಅಂದೆ. ಆತನಿಗೆ ನಕ್ಷೆ ಓದಲು ಬರುವುದಿಲ್ಲ, ಬೇಕಾಗಲೂ ಇಲ್ಲ. ಹುಳಿಯಾರು ಮೇಲೆ ಹಿರಿಯೂರು, ಅಲ್ಲಿ ಪೂನಾ ರಸ್ತೆ ಹಿಡಿದು ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ. ಊರು ಬಂದಂತೆ ಕಥೆಯೂ ಬಂತು. ಎಲ್ಲಿ ಸ್ನಾನ, ಎಲ್ಲಿ ಊಟ, ಯಾವ ಡಾಬಾದವನು ಬಾಕಿ ಬರೆದುಕೊಳ್ಳುತ್ತಿದ್ದ, ಎಲ್ಲಿ ಇಂಜಿನ್ ಬಿಸಿಯಾಗಿ ನೀರು ಹುಡುಕಿಕೊಂಡು ಹೋದದ್ದು, ಎಲ್ಲಾ. ಸಾತಾರಾ ದಾಟಿ ಖಂಬಾಟ್ಕಿ ಘಾಟ್ ಬಂದಾಗ ಆತ ಕುರ್ಚಿಯಿಂದ ಎದ್ದೇಬಿಟ್ಟ. ತುಂಬಿದ ಲಾರಿ ಮೊದಲ ಗೇರಿನಲ್ಲಿ ನರಳುತ್ತಾ ಏರುವಾಗ ಆತ ಇಳಿದು, ಮರದ ದಿಮ್ಮಿ ಹಿಡಿದು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯಬೇಕಿತ್ತಂತೆ. ಗಾಡಿ ನಿಂತಿತೋ, ಹಿಂದಕ್ಕೆ ಜಾರುವ ಮೊದಲೇ ದಿಮ್ಮಿ ಟೈರಿನಡಿ ಹೋಗಬೇಕು. "ಡ್ರೈವರಣ್ಣ ಕನ್ನಡೀಲಿ ನನ್ನನ್ನೇ ನೋಡ್ತಿರೋನು ಕಣವ್ವ. ನಾನು ಕಾಣ್ಲಿಲ್ಲ ಅಂದ್ರೆ ಹಾರ್ನ್ ಹೊಡೆಯೋನು. ಬೈಯೋಕಲ್ಲ, ಇದೀನಾ ಅಂತ ನೋಡೋಕೆ." ತಾತ ಹೇಳುತ್ತಿದ್ದ ಘಾಟಿನ ಕಥೆಯಲ್ಲಿ ಈ ಹಾರ್ನ್ ಇರಲೇ ಇಲ್ಲ. ಆತನ ಕಥೆಯಲ್ಲಿ ಲಾರಿಯನ್ನು ಏರಿಸಿದ್ದು ಆತನೊಬ್ಬನೇ.

ಸಾಹಸಿಗಳ ಬಾಯಿಂದಲೇ ಕೇಳಿದ ಕಥೆಗಳಲ್ಲಿ ಇದೊಂದು ತೊಂದರೆ. ಹೇಳಿ ಹೇಳಿ ನುಣುಪಾಗಿರುತ್ತವೆ, ಹಿಡಿಯಲು ಅಂಚೇ ಸಿಗುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತವರನ್ನೂ ಮನೆಯಲ್ಲಿ ಕಾದವರನ್ನೂ ಕೇಳಿದಾಗಲೇ ಆ ಮನುಷ್ಯ ಸಿಗುವುದು.

ತಾತನ ಕಬ್ಬಿಣದ ಪೆಟ್ಟಿಗೆಯಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ಲೆಕ್ಕದ ಪುಸ್ತಕಗಳಿದ್ದವು. ಡೀಸೆಲ್, ಪಂಚರ್, ನಾಕಾ, ಊಟ, ಕ್ಲೀನರ್ ಬಾಟಾ. ನಡುನಡುವೆ "ದೇವರಿಗೆ 5", "ದೇವರಿಗೆ 10". ನಿಪ್ಪಾಣಿಯಿಂದ ಪೂನಾ ಮುಟ್ಟುವಷ್ಟರಲ್ಲೇ ಹಲವು ಸಲ. ತಾತನಿಗೆ ಇಷ್ಟೊಂದು ಭಕ್ತಿ ಇತ್ತಾ ಅಂತ ನಮ್ಮಪ್ಪ ಆಶ್ಚರ್ಯಪಟ್ಟ. ಕ್ಲೀನರ್ ಮಾವನಿಗೆ ತೋರಿಸಿದೆ. "ಆ ದೇವರು ರಸ್ತೆಗೆ ಅಡ್ಡ ನಿಂತಿರ್ತಿತ್ತು, ಕೈಲಿ ಲಾಟಿ ಇರ್ತಿತ್ತು" ಅಂತ ನಕ್ಕ. ಆ ಪುಟವನ್ನು ಹಾಗೆಯೇ ಫೋಟೋ ತೆಗೆದು ಪುಸ್ತಕದಲ್ಲಿ ಹಾಕಿದ್ದೇನೆ. ಲೆಕ್ಕದ ಪುಸ್ತಕವನ್ನು ರದ್ದಿಗೆ ಹಾಕುವ ಮುಂಚೆ ದಯವಿಟ್ಟು ಒಮ್ಮೆ ಓದಿ.

ಇಸವಿ ಹಿಡಿಯುವುದೇ ದೊಡ್ಡ ಕೆಲಸ. ಲಾರಿ ಮುಂದೆ ತಾತ ನಿಂತಿರುವ ಫೋಟೋದ ಹಿಂದೆ ಏನೂ ಬರೆದಿಲ್ಲ. ಆದರೆ ಲಾರಿಯ ಮೂತಿಯ ಮೇಲೆ ಬೆಂಜ್ ನಕ್ಷತ್ರ ಇದೆ. ಟಾಟಾದವರು ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡಿದ್ದು 1954ರಿಂದ 1969ರವರೆಗೆ. ಹಾಗಾಗಿ ಲಾರಿಯ ವಯಸ್ಸಾದರೂ ಗೊತ್ತಾಯಿತು. ಅಜ್ಜಿಯ ಪಂಚಾಂಗ ಬೇರೆ. "ಯಾವ ವರ್ಷ" ಅಂದರೆ "ನಂಗೇನು ಗೊತ್ತು" ಅನ್ನುತ್ತಾಳೆ. "ಆಗ ಕಂಕುಳಲ್ಲಿ ಯಾರಿದ್ರು ಅಜ್ಜಿ" ಅಂದರೆ ಥಟ್ಟನೆ, "ನಿನ್ನ ಸಣ್ಣತ್ತೆ, ಹಲ್ಲು ಬರ್ತಿತ್ತು." ಅತ್ತೆಯ ಶಾಲೆ ಸರ್ಟಿಫಿಕೇಟ್ ತೆಗೆದು ನೋಡಿದರೆ ಇಸವಿ ಸಿಕ್ಕಿತು.

ಇನ್ನು ಡಕಾಯಿತರು. ಮುರೇನಾ ದಾಟಿ ಚಂಬಲ್ ಸೇತುವೆ ಹತ್ತಿರ ಬಂದೂಕು ಹಿಡಿದವರು ಲಾರಿ ನಿಲ್ಲಿಸಿದರು, ತಾತ ಚೀಲ ಬಿಚ್ಚಿ ಒಬ್ಬೊಬ್ಬರಿಗೂ ಉಂಡೆ ಕೊಬ್ಬರಿ ಕೊಟ್ಟ, ಅವರು ಕೈಮುಗಿದು ಕಳಿಸಿದರು. ಇದು ನಾವು ಕೇಳಿ ಬೆಳೆದ ಕಥೆ. ನಮ್ಮ ದೊಡ್ಡಪ್ಪನ ಮಗನ ಪ್ರಕಾರ ಅವರಲ್ಲಿ ಫೂಲನ್ ದೇವಿಯೂ ಇದ್ದಳು. ಫೂಲನ್ ಶರಣಾಗಿದ್ದು 1983ರ ಫೆಬ್ರುವರಿಯಲ್ಲಿ, ಭಿಂಡ್‌ನಲ್ಲಿ. ಒಂದೇ ಲಾರಿ ಹಲವು ರಾಜ್ಯ ದಾಟಲು ಬಿಡುವ ನ್ಯಾಷನಲ್ ಪರ್ಮಿಟ್ ಬಂದದ್ದು 1975ರಲ್ಲಿ, ತಾತ ಒಂದೇ ಗಾಡಿಯಲ್ಲಿ ನೆಟ್ಟಗೆ ದೆಹಲಿಗೆ ಹೋಗಲು ಶುರು ಮಾಡಿದ್ದು ಆಮೇಲೆ. ಅಂದರೆ ಕಾಲ ಹೊಂದುತ್ತದೆ. ಕ್ಲೀನರ್ ಮಾವನನ್ನು ಕೇಳಿದರೆ, "ಯಾವ ಡಕಾಯಿತ? ಹತ್ತು ಗಾಡಿ ಸೇರೋಗಂಟ ಡಾಬಾದಲ್ಲೇ ಮಲಗ್ತಿದ್ವಿ. ಕೊಬ್ಬರಿ ಇಸ್ಕೊಂಡಿದ್ದು ಗಸ್ತು ಪೊಲೀಸು" ಅಂದ.

ಯಾವುದನ್ನು ಬರೆಯುವುದು? ಎಡಪುಟದಲ್ಲಿ ತಾತನ ಮಾತು, ಬಲಪುಟದಲ್ಲಿ ಮಾವನ ಮಾತು ಹಾಕಿದೆ. ತಾತನ ಉಪ್ಪುಖಾರ ತೆಗೆದುಬಿಟ್ಟರೆ ಮಿಕ್ಕಿದ್ದು ಬೇರೆ ಯಾರೋ ಡ್ರೈವರ್‌ನ ಕಥೆಯಾಗುತ್ತದೆ. ಮಾವನದನ್ನು ಬಿಟ್ಟರೆ ಮೊಮ್ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ.

ನಮ್ಮಪ್ಪ ಮಾತ್ರ ರೆಕಾರ್ಡಿಂಗಿಗೆ ಒಪ್ಪಲಿಲ್ಲ. ಒಂದು ದಿನ ಅಟ್ಟದ ಮೇಲಿಂದ ಕಾಯಿ ಇಳಿಸುವಾಗ ತಾನಾಗಿಯೇ ಬಾಯಿಬಿಟ್ಟ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಬಲಿತ ಕಾಯನ್ನು ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಬಿಡುತ್ತಾರೆ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅದಕ್ಕೆ ಉತ್ತರದಲ್ಲಿ ಗಿರಾಕಿ ಜಾಸ್ತಿಯಾಗುವುದು ಹಬ್ಬಗಳ ಮುಂಚೆ. "ಅದಕ್ಕೇ ದೀಪಾವಳಿಗೆ ಅಪ್ಪ ಯಾವತ್ತೂ ಮನೇಲಿ ಇರ್ತಿರಲಿಲ್ಲ" ಅಂದ. "ಲಾರಿ ಆಫೀಸಿಗೆ ಟ್ರಂಕಾಲ್ ಮಾಡಿ ಗಾಡಿ ಮುಟ್ಟಿತು ಅಂತ ಹೇಳೋನು, ಅಲ್ಲಿನ ಹುಡುಗ ಸೈಕಲ್ ಮೇಲೆ ಬಂದು ಅಮ್ಮಂಗೆ ಹೇಳೋನು. ನಾವು ಪಟಾಕಿ ಹೊಡೀತಿದ್ದಿದ್ದು ಆಮೇಲೆ." ಕಾಯಿ ಎಣಿಸುತ್ತಲೇ ಹೇಳಿದ, ನನ್ನ ಮುಖ ನೋಡಲಿಲ್ಲ. ಬರೆಯಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಬರಿ, ಬೈದ ಹಾಗೆ ಬರೀಬೇಡ" ಅಂದ.

ಉಳಿದದ್ದೆಲ್ಲ ಚಿಲ್ಲರೆ ಕೆಲಸ. ಹಳೇ ಫೋಟೋಗಳನ್ನು ಆಲ್ಬಮ್ಮಿನಿಂದ ಕೀಳದೆ, ಫ್ಲಾಷ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದಲೇ ತೆಗೆದೆ. ರೆಕಾರ್ಡಿಂಗ್ ಮುಗಿದ ಕೂಡಲೇ ಫೈಲಿಗೆ ಮಾತಾಡಿದವರ ಹೆಸರು, ತಾರೀಕು ಹಾಕಿ, ಇನ್ನೊಂದು ಪ್ರತಿಯನ್ನು ತಮ್ಮನ ಫೋನಿಗೆ ಕಳಿಸುತ್ತಿದ್ದೆ. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು ತಮ್ಮ 'ನುಡಿ' ಫಾಂಟಿಗೆ ಬದಲಾಯಿಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟವು, ಪ್ರೂಫನ್ನು ಸಾಲು ಸಾಲು ನೋಡಬೇಕಾಯಿತು. ಊರಿನ ಹೆಸರುಗಳನ್ನು ಎರಡೆರಡು ಸಲ ನೋಡಿ.

ಪುಸ್ತಕದ ಕೊನೆಗೆ ಬೇಕಂತಲೇ ಖಾಲಿ ಹಾಳೆಗಳನ್ನು ಬಿಡಿಸಿದ್ದೆ. ತಿಥಿಯ ಊಟ ಮುಗಿಯುವಷ್ಟರಲ್ಲೇ ಚಿಕ್ಕಪ್ಪ ಪೆನ್ಸಿಲ್ ಕೇಳಿದ. ಖಂಬಾಟ್ಕಿಯಲ್ಲಿ ಬ್ರೇಕ್ ಹೋದದ್ದು ಹೋಗುವಾಗಲ್ಲ, ಬರುವಾಗ ಅಂತ ಆತನ ವಾದ. ಕ್ಲೀನರ್ ಮಾವ ಒಪ್ಪಲಿಲ್ಲ. ಇಬ್ಬರದ್ದನ್ನೂ ಬರೆಸಿದ್ದೇನೆ.