ಸಂಘದ ಕೈಗೆ ನೀರಿನ ಘಟಕ ಬಂದಾಗ

ಕಡೂರು, ಅರಸೀಕೆರೆ ಕಡೆಯ ಸ್ತ್ರೀಶಕ್ತಿ ಸಂಘದವರು ಶುದ್ಧ ನೀರಿನ ಘಟಕ ವಹಿಸಿಕೊಳ್ಳುವ ಮೊದಲು ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಬರೀ ಮರಳಿನ ಫಿಲ್ಟರ್ ಸಾಲದು, ಆರ್‌ಒ (ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ) ಇರಲಿ.

ದಿನಾ ಬೆಳಿಗ್ಗೆ 10–15 ನಿಮಿಷ ಬ್ಯಾಕ್‌ವಾಶ್ ಮಾಡಿ (ಫಿಲ್ಟರಿನಲ್ಲಿ ನೀರನ್ನು ಹಿಮ್ಮುಖವಾಗಿ ಹರಿಸಿ ಕೊಳೆ ತೊಳೆಯಿರಿ), ಒಳಬರುವ, ಹೊರಬರುವ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಎರಡನ್ನೂ ಬರೆದಿಡಿ. ಹೊರಬರುವ ಅಂಕಿ ಮೆಲ್ಲಗೆ ಏರುತ್ತಾ ನೀರೂ ಕಮ್ಮಿಯಾದರೆ ಆರ್‌ಒ ಪೊರೆಗೆ, ಅಂದರೆ ಮೆಂಬ್ರೇನಿಗೆ, ಸುಣ್ಣ ಕಟ್ಟಿರಬಹುದು; ಮೊದಲು ಆಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕ) ಡಬ್ಬ ಖಾಲಿಯೇ ನೋಡಿ. ಅಂಕಿ ದಿಢೀರನೆ ಹಾರಿದರೆ ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಮೇಲೆ ಅನುಮಾನಪಡಿ. ಪ್ರೆಶರ್ ಏರಿಸಿ ನೀರು ತೆಗೆಯುವ ಚಪಲ ಬೇಡ, ಮೆಂಬ್ರೇನೇ ಹೋಗುತ್ತದೆ.

20 ಲೀಟರ್ ಕ್ಯಾನಿಗೆ 5 ರೂಪಾಯಿಯಂತೆ 100 ಕ್ಯಾನಿಗೆ 500. ಅದರಲ್ಲಿ 100 ರೂಪಾಯಿ ಸಂಬಳಕ್ಕೂ ಮುಂಚೆ ರಿಪೇರಿ ಖಾತೆಗೆ ಹೋಗಲಿ. ನಾಣ್ಯದ ಪೆಟ್ಟಿಗೆಯನ್ನು ಇಬ್ಬರು ಕೂತು ಎಣಿಸಿ.

ಆರ್‌ಒ ಹೊರಹಾಕುವ ಲವಣ ತುಂಬಿದ ರಿಜೆಕ್ಟ್ ನೀರನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡಬೇಡಿ. ಶೌಚಾಲಯ ತೊಳೆಯಲು ಬಳಸಿ.