ಹೋಲ್‌ಸ್ಟರಿಂದ ಹೊರಗೆ ತೆಗೆಯದೆಯೇ ಇಡೀ ಕೆಲಸದ ದಿನ

ಪಿಸ್ತೂಲಿನಿಂದ ಕೈತಪ್ಪಿ ಗುಂಡು ಹಾರುವುದು ಹೆಚ್ಚಾಗಿ ಅದನ್ನು ಹೋಲ್‌ಸ್ಟರಿನಿಂದ, ಅಂದರೆ ಸೊಂಟಕ್ಕೆ ಸಿಕ್ಕಿಸುವ ಒರೆಯಿಂದ, ಹೊರಗೆ ತೆಗೆಯುವ ಇಲ್ಲವೇ ಒಳಗೆ ಹಾಕುವ ಹೊತ್ತಿನಲ್ಲೇ. ಹಾಗಾಗಿ ನಾನು ಒರೆಯಿಲ್ಲದೆ ಬರೀ ಪಿಸ್ತೂಲನ್ನು ಮುಟ್ಟುವುದನ್ನೇ ಬಿಟ್ಟೆ. ಆಯುಧ ಒಯ್ಯಬಾರದ ಕಟ್ಟಡ ಬಂದರೆ ಹೋಲ್‌ಸ್ಟರ್ ಸಮೇತ ಸೊಂಟದಿಂದ ಕಾರಿನೊಳಗಿನ ಬೀಗದ ಪೆಟ್ಟಿಗೆಗೆ. ಸಂಜೆ ಹಾಗೇ ವಾಪಸ್. ರಾತ್ರಿ ಹಾಗೇ ಸೇಫಿಗೆ. ಟ್ರಿಗರ್ ಇಡೀ ದಿನ ಮುಚ್ಚಿಯೇ ಇರುತ್ತದೆ. ‘ದಿನಾ ಹೋಲ್‌ಸ್ಟರ್ ಬಿಚ್ಚಿ ಕಟ್ಟೋರು ಯಾರು’ ಎಂದು ನಕ್ಕವರೇ ಈಗ ಅದನ್ನು ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ಪಿನ ಅಳತೆ ಕೇಳುತ್ತಿದ್ದಾರೆ.

ದುಡ್ಡು ಹೆಚ್ಚು ಹೋಗಿದ್ದು ಹೋಲ್‌ಸ್ಟರುಗಳಿಗೆ, ಅದರಲ್ಲಿ ಮುಕ್ಕಾಲು ಪಾಲು ದಂಡ. ಮೆತ್ತನೆ ಚರ್ಮದ್ದು ಹಳತಾದಂತೆ ಬಾಯಿ ಕುಸಿಯುತ್ತದೆ, ಮಡಿಕೆ ಟ್ರಿಗರ್ ಸುತ್ತಲಿನ ಬಳೆಯೊಳಗೆ ನುಗ್ಗಿ ಟ್ರಿಗರ್ ಒತ್ತಬಹುದು. ಅಂಥದ್ದನ್ನು ಯಾರಿಗೂ ಮಾರಬೇಡಿ, ಕತ್ತರಿಸಿ ಬಿಸಾಕಿ. ಬಟ್ಟೆಯದಕ್ಕೆ ಹಿಡಿತವೇ ಇಲ್ಲ. ಕೊನೆಗೆ ನಿಂತಿದ್ದು ಸುಮಾರು ಎರಡು ಮಿಲಿಮೀಟರ್ ದಪ್ಪದ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು. ತಲೆಕೆಳಗು ಮಾಡಿ ಅಲ್ಲಾಡಿಸಿದರೂ, ಖಾಲಿ ಪಿಸ್ತೂಲು ಬೀಳಬಾರದು. ಕ್ಲಿಪ್ಪಿನ ಸ್ಕ್ರೂಗಳು ಸಡಿಲವಾಗುವುದು ಖಂಡಿತ. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಸಾಕು. ಕೆಂಪು ಹಾಕಿದರೆ ಆಮೇಲೆ ಬಿಚ್ಚಲು ಕಾಯಿಸಬೇಕಾಗುತ್ತದೆ, ಕೈಡೆಕ್ಸ್ ಸೊಟ್ಟಗಾಗುತ್ತದೆ.

ಬಟ್ಟೆಯ ಮೇಲೆ ಎದ್ದು ಕಾಣುವುದು ನಳಿಕೆಯಲ್ಲ, ಹಿಡಿ. ಅದನ್ನು ಒಳಕ್ಕೆ ಒತ್ತಬೇಕಾದದ್ದು ಬೆಲ್ಟು. ಹೋಲ್‌ಸ್ಟರಿಗೆ ಸುರಿಯುವುದರಲ್ಲಿ ಅರ್ಧ ಗಟ್ಟಿ ಬೆಲ್ಟಿಗೆ ಹಾಕಿದ್ದರೆ ಎಂದೋ ಮುಗಿಯುತ್ತಿತ್ತು. ಹೋಲ್‌ಸ್ಟರಿನ ಕೆಳತುದಿಯಲ್ಲಿ, ಮೈಗೆ ತಾಗುವ ಬದಿಗೆ ಹಳೇ ಚಪ್ಪಲಿಯ ಫೋಮು ಅಂಟಿಸಿದರೆ ಹಿಡಿ ಇನ್ನಷ್ಟು ಒಳಸರಿಯುತ್ತದೆ. ಫೋಮನ್ನು ಯಾವ ಓರೆಯಲ್ಲಿ ಕೊಯ್ಯಬೇಕೆಂದು ಮಾತ್ರ ಹೇಳುವುದಿಲ್ಲ, ಅದಕ್ಕೆ ನನ್ನ ಎರಡು ಜೊತೆ ಚಪ್ಪಲಿ ಹೋಗಿದೆ.

ಕಾರಿನ ಪೆಟ್ಟಿಗೆಯನ್ನು ಕಟ್ಟುವ ತಂತಿಹಗ್ಗವನ್ನು ನಂಬಬೇಡಿ. ಒಳ್ಳೇ ಕಟರ್ ಇದ್ದರೆ ಒಂದೇ ಹಿಡಿತಕ್ಕೆ ತುಂಡು. ಸೀಟಿನಡಿ ಲೋಹಕ್ಕೆ ಬೋಲ್ಟ್ ಹಾಕಿ, ನಟ್ಟು ಪೆಟ್ಟಿಗೆಯ ಒಳಗೆ ಬರಲಿ. ಪಾರ್ಕಿಂಗ್ ಜಾಗಕ್ಕೆ ಬಂದ ಮೇಲೆ ಬಾಗಿ ತಡಕಾಡಬೇಡಿ, ನೋಡುವವರಿಗೆ ಅಷ್ಟೇ ಸಾಕು. ಒಂದು ತಿರುವು ಹಿಂದೆಯೇ ಕಾರು ನಿಲ್ಲಿಸಿ ಪೆಟ್ಟಿಗೆಯಲ್ಲಿ ಇಟ್ಟು ಬನ್ನಿ. ರಾತ್ರಿ ಅದರಲ್ಲೇ ಬಿಡುವ ಮಾತೇ ಬೇಡ.

ಶೌಚಾಲಯದಲ್ಲಿ ಪಿಸ್ತೂಲನ್ನು ಬಾಗಿಲ ಕೊಕ್ಕೆಗೆ ನೇತುಹಾಕುವುದಾಗಲಿ, ಪಕ್ಕದಲ್ಲಿ ಇಡುವುದಾಗಲಿ ಕೂಡದು. ಅದು ಬೆಲ್ಟಿನಲ್ಲೇ ಇರಲಿ, ಬೆಲ್ಟನ್ನು ಮೊಣಕಾಲ ಮೇಲೆಯೇ ಮತ್ತೆ ಬಿಗಿದುಕೊಳ್ಳಿ.

ತುಕ್ಕು ಮೊದಲು ಹಿಡಿಯುವುದು ಗುರಿ ನೋಡುವ ಹಿಂದಿನ ಸೈಟು, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿಡಿಸುವ ಗುಂಡಿ, ಸ್ಕ್ರೂತಲೆ: ಬೆವರು ತಾಗುವ ಜಾಗಗಳು. ಕಾರ್ ಪಾಲಿಶ್ ಮೇಣವನ್ನೂ ಬಳಿದು ನೋಡಿದೆ, ಎಣ್ಣೆಗಿಂತ ಹೆಚ್ಚು ದಿನ ನಿಂತಿತು. ಸೇಫಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇರಲಿ, ಬಣ್ಣ ತಿರುಗಿದಾಗ ಕಾಯಿಸಿ ಒಣಗಿಸಿ. ಚರ್ಮದ ಹೋಲ್‌ಸ್ಟರಿನಲ್ಲಿಟ್ಟು ವಾರಗಟ್ಟಲೆ ಮುಚ್ಚಿಡುವುದಂತೂ ತುಕ್ಕಿಗೆ ಆಮಂತ್ರಣ. ಸೇಫಿನ ಬ್ಯಾಟರಿ ಕೈಕೊಟ್ಟಾಗ ಬೇಕಾಗುವ ಕೀಲಿ ಆ ಸೇಫಿನೊಳಗೇ ಇರುವ ಮನೆಗಳನ್ನೂ ಕಂಡಿದ್ದೇನೆ.

ದಿನಾ ಚೇಂಬರ್ (ನಳಿಕೆಯ ಹಿಂದೆ ಗುಂಡು ಕೂರುವ ಜಾಗ) ಖಾಲಿ ಮಾಡಿ ಅದೇ ಗುಂಡನ್ನು ಮತ್ತೆ ಏರಿಸುವವರಿಗೆ ಒಂದು ಮಾತು: ಗುಂಡಿನ ಮೂತಿ ಸ್ವಲ್ಪ ಸ್ವಲ್ಪವೇ ಮದ್ದು ತುಂಬಿದ ಕೇಸಿನೊಳಗೆ ಕುಸಿಯಬಹುದು, ಆಗ ಸಿಡಿದರೆ ಒತ್ತಡ ವಿಪರೀತ ಏರಬಹುದು. ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಗಿಡ್ಡವಾಗಿದ್ದರೆ ಎತ್ತಿ ಬೇರೆ ಇಡಿ.